ಭೂತಯ್ಯನ ಸಾವು, ಸೆಂಚುರಿ ಗೌಡನ ತಿಥಿ

2025ರ ದಸರೆಯ ಸಮಯ. ಎಸ್.ಎಲ್. ಭೈರಪ್ಪನವರು ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. 'ಕಾಂತಾರ ಚಾಪ್ಟರ್ 1' ಆಗಷ್ಟೇ ತೆರೆಗೆ ಬಂದಿತ್ತು. ಚನ್ನರಾಯಪಟ್ಟಣದ ನೆಂಟರ ಮನೆಯಲ್ಲಿ ಊಟ ಮುಗಿಸಿ, ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು ಜಗಲಿಯಲ್ಲಿ ಕೂತ ಇಬ್ಬರ ಮಾತು ಇದು. ದೊಡ್ಡಪ್ಪ ಅರಕಲಗೂಡಿನವರು, ಟೂರಿಂಗ್ ಟಾಕೀಸುಗಳಲ್ಲಿ ಆಪರೇಟರ್ ಆಗಿದ್ದವರು. ಅವರ ತಮ್ಮನ ಮಗಳು ಹೊಳೆನರಸೀಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ, ಬಿಡುವಾದಾಗಲೆಲ್ಲ ಹಾಸನಕ್ಕೆ ಹೋಗಿ ಸಿನಿಮಾ ನೋಡುತ್ತಾಳೆ. ಇಬ್ಬರಿಗೂ ಸಿನಿಮಾ ಎಂದರೆ ಪ್ರಾಣ, ಆದರೆ ಒಬ್ಬರು ಮೆಚ್ಚಿದ್ದು ಇನ್ನೊಬ್ಬರಿಗೆ ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ.

ದೊಡ್ಡಪ್ಪ: ಹಾಸನಕ್ಕೆ ಹೋಗಿ ಕಾಂತಾರ ನೋಡಿಬಂದೆ ಅಂದ್ಯಲ್ಲ, ಹೆಂಗಿತ್ತವ್ವ?

ಮಗಳು: ಕಣ್ಣು ಕಿವಿ ಎರಡೂ ತುಂಬ್ತು ದೊಡ್ಡಪ್ಪ. ಆದ್ರೆ ನನಗೆ 2022ರದ್ದೇ ಹೆಚ್ಚು ಇಷ್ಟ. ಅದರಲ್ಲಿ ಕಂಬಳ ಇತ್ತು, ಅರಣ್ಯ ಇಲಾಖೆಯವರ ಜೊತೆ ಜಮೀನಿನ ತಕರಾರಿತ್ತು, ಒಂದೂರಿನ ಜಗಳ ಕಣ್ಣೆದುರಿಗೇ ನಡೀತಿತ್ತು. ಇದರಲ್ಲಿ ಅರಮನೆ, ದಂಡು, ಯುದ್ಧ. ಚಿತ್ರ ದೊಡ್ಡದಾಯ್ತು, ನನಗೆ ದೂರಾನೂ ಆಯ್ತು.

ದೊಡ್ಡಪ್ಪ: ಟಿಕೇಟಿಗೆ ಎಷ್ಟು ಕೊಟ್ಟೆ?

ಮಗಳು: ಅದನ್ನ ಕೇಳಬೇಡಿ. 200 ರೂಪಾಯಿ ಮೇಲೆ ತಗೋಬಾರದು ಅಂತ ಸರ್ಕಾರ ಸೆಪ್ಟೆಂಬರಿನಲ್ಲಿ ನಿಯಮ ಮಾಡ್ತು, ಹೈಕೋರ್ಟು ಅದಕ್ಕೆ ತಡೆ ಕೊಡ್ತು.

ದೊಡ್ಡಪ್ಪ: ನನ್ನ ಮೊದಲನೇ ದೂರು ಇದೇ ಅಂತ ಇಟ್ಕೊ. ಟೆಂಟಿನಲ್ಲಿ ನೆಲ, ಬೆಂಚು, ಕುರ್ಚಿ ಅಂತ ಇರೋದು. ಗದ್ದೆ ಕೆಲಸ ಮುಗಿಸಿ ಬಂದ ಆಳು ಮರಳು ಗುಡ್ಡೆ ಮಾಡ್ಕೊಂಡು ಮುಂದೆ ನೆಲದ ಮೇಲೆ ಕೂರೋನು, ಅವನ ಸಾಹುಕಾರ ಹಿಂದೆ ಕುರ್ಚಿ ಮೇಲೆ. ಪರದೆಗೆ ಹತ್ತಿರ ಇದ್ದೋನು ಆಳೇ. ಇಬ್ಬರೂ ಒಂದೇ ಜಾಗದಲ್ಲಿ ಕಣ್ಣು ಒರೆಸ್ಕೊಂಡಿದ್ದನ್ನ ನಾನು ನೋಡಿದೀನಿ. ಈಗ ನೆಲ ಅನ್ನೋದೇ ಇಲ್ಲ. ಕುರ್ಚಿಗೆ ದುಡ್ಡು ಹೊಂದಿಸಲಾರದೋನು ಚಿತ್ರಮಂದಿರದ ದಾರೀನೇ ಬಿಟ್ಟ.

ಮಗಳು: ಫೋನಿನಲ್ಲಿ ನೋಡ್ತಾನೆ ದೊಡ್ಡಪ್ಪ, ಸಿನಿಮಾ ಬಿಟ್ಟಿಲ್ಲ. ನೀವು ಹೇಳೋ ಟೆಂಟಿಗೆ ನಮ್ಮಮ್ಮ ಎಷ್ಟು ಸಲ ಬಂದಿದ್ಲು ಹೇಳಿ. ಸೆಕೆಂಡ್ ಷೋಗೆ ಹೆಣ್ಣುಮಕ್ಕಳನ್ನ ಕಳಿಸ್ತಿರಲಿಲ್ಲ. ಫಸ್ಟ್ ಷೋಗೂ ಅಪ್ಪನೋ ಅಣ್ಣನೋ ಜೊತೆಗಿರಬೇಕು, ಯಾವ ಪಿಚ್ಚರ್ ಅನ್ನೋದನ್ನೂ ಅವರೇ ತೀರ್ಮಾನ ಮಾಡಬೇಕು. ಶರಪಂಜರ ಹೆಂಗಸರ ಚಿತ್ರ ಅಂತ ಎಲ್ಲರೂ ಹೊಗಳ್ತಾರೆ. ನಮ್ಮಮ್ಮ ಅದನ್ನ ನೋಡಿದ್ದು ಮದುವೆಯಾಗಿ, ಮಕ್ಕಳಾಗಿ, ಮನೆಗೆ ಟಿ.ವಿ. ಬಂದ ಮೇಲೆ.

ದೊಡ್ಡಪ್ಪ: ಅದು ಊರಿನ ಕಟ್ಟುಪಾಡು, ಚಿತ್ರದ ತಪ್ಪಲ್ಲ. ಗೆಜ್ಜೆಪೂಜೆ 1969ರದ್ದು. ವೇಶ್ಯೆ ಮನೆಯಲ್ಲಿ ಹುಟ್ಟಿದ ಹುಡುಗಿ ಮದುವೆಯಾಗಿ ಸಂಸಾರ ಮಾಡಬೇಕು ಅಂತ ಆಸೆಪಡೋದನ್ನ ಪುಟ್ಟಣ್ಣ ಕಣಗಾಲ್ ಆ ಕಾಲದಲ್ಲಿ ಊರೂರಿಗೂ ತೋರಿಸಿದರು. ಎಂ.ಕೆ. ಇಂದಿರಾ, ತ್ರಿವೇಣಿ ಅಂಥವರ ಕಾದಂಬರಿ ಕೈಯಲ್ಲಿ ಹಿಡಿದೇ ನೋಡದ ಜನ ಆ ಕತೆಗಳನ್ನ ಟೆಂಟಿನಲ್ಲಿ ಕಂಡ್ರು. ಈಗ ಯಾವ ದೊಡ್ಡ ನಿರ್ದೇಶಕ ಹೆಣ್ಣುಮಗಳೊಬ್ಬಳು ಬರೆದ ಕಾದಂಬರಿ ತಗೊಂಡು ಚಿತ್ರ ಮಾಡ್ತಾನೆ?

ಮಗಳು: ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಆ ಹೆಣ್ಣುಮಕ್ಕಳ ಗತಿ ಏನಾಯ್ತು ನೋಡಿ. ಗೆಜ್ಜೆಪೂಜೆಯ ಚಂದ್ರಾ ಸಾಯ್ತಾಳೆ. ಶರಪಂಜರದ ಕಾವೇರಿಗೆ ಬುದ್ಧಿ ಕೆಡುತ್ತೆ. ವಂಶವೃಕ್ಷದ ಕಾತ್ಯಾಯಿನಿ ಮರುಮದುವೆ ಮಾಡ್ಕೊಂಡಿದ್ದಕ್ಕೆ ಗರ್ಭ ನಿಲ್ಲದೆ, ಕೊರಗಿ ಕೊರಗಿ ಕರಗಿಹೋಗ್ತಾಳೆ. ಆಸೆಪಟ್ಟ ಹೆಣ್ಣು ಒಬ್ಬಳಾದರೂ ಉಳಿದ್ಲಾ?

ದೊಡ್ಡಪ್ಪ: ವಂಶವೃಕ್ಷದ ಬಗ್ಗೆ ಹಂಗನ್ನಬೇಡ. ಭೈರಪ್ಪನವರು ಇಲ್ಲೇ ಸಂತೇಶಿವರದವರು, ಇದೇ ತಾಲ್ಲೂಕು. ಅವರ ಕಾದಂಬರಿಯನ್ನ 1971ರಲ್ಲಿ ಬಿ.ವಿ. ಕಾರಂತರು, ಗಿರೀಶ ಕಾರ್ನಾಡರು ಸೇರಿ ಚಿತ್ರ ಮಾಡಿದಾಗ ಶಿಕ್ಷೆ ಕಾತ್ಯಾಯಿನಿಗೆ ಮಾತ್ರ ಆಗಲಿಲ್ಲವ್ವ. ಅವಳ ಮಾವ ಶ್ರೋತ್ರಿಗಳು ಇಡೀ ಬಾಳನ್ನ ಯಾವ ವಂಶಕ್ಕೆ ಮುಡಿಪಿಟ್ಟಿದ್ದರೋ ಆ ವಂಶದ ರಕ್ತ ತಮ್ಮ ಮೈಯಲ್ಲೇ ಇಲ್ಲ ಅಂತ ಅವರಿಗೆ ಗೊತ್ತಾಗುತ್ತಲ್ಲ, ಅಲ್ಲಿಗೆ ಧರ್ಮ ಹೇಳೋನ ಕಾಲಡಿ ನೆಲಾನೇ ಕುಸೀತು. ಆ ಪೆಟ್ಟು ಕಾತ್ಯಾಯಿನಿಗೆ ಬಿದ್ದಿದ್ದಕ್ಕಿಂತ ಕಮ್ಮಿ ಏನಲ್ಲ.

ಮಗಳು: ನೀವು ಆ ಚಿತ್ರ ಓಡಿಸಿದೀರಾ?

ದೊಡ್ಡಪ್ಪ: ಓಡಿಸಿದೀನಿ. ಅಂಗೈ ಅಗಲದ ಕಿಂಡಿಯಿಂದ ನೋಡಿದೀನಿ. ನಿಂಗೆ ಗೊತ್ತಿಲ್ಲ, ಪ್ರೊಜೆಕ್ಟರ್ ಒಳಗೆ ಎರಡು ಕಾರ್ಬನ್ ಕಡ್ಡಿ ಎದುರುಬದುರು ಉರೀತಿರುತ್ತೆ. ಉರಿದಷ್ಟೂ ಸವೆಯುತ್ತೆ, ನಡುವಿನ ಸಂದು ಹೆಚ್ಚಾಗುತ್ತೆ, ಪರದೆ ಮೇಲೆ ಮುಖ ಮಂಕಾಗುತ್ತೆ. ಗುಂಡಿ ತಿರುಗಿಸಿ ತಿರುಗಿಸಿ ಕಡ್ಡೀನ ಹತ್ತಿರಕ್ಕೆ ತರ್ತಾ ಇರಬೇಕು. ಕಾತ್ಯಾಯಿನಿ ಅಳೋ ಕಡೆ ನಾನು ಮೈಮರೆತರೆ ಅವಳ ಮುಖವೇ ಕಾಣಿಸಲ್ಲ. ಸಾವಿರ ಅಡಿ ರೀಲು 11 ನಿಮಿಷಕ್ಕೆ ಮುಗಿಯುತ್ತೆ, ಎರಡು ಅಂಟಿಸಿ ಒಂದು ಸುರುಳಿ ಮಾಡಿದ್ರೂ 22 ನಿಮಿಷ. ನಮ್ಮ ಟೆಂಟಿನಲ್ಲಿ ಇದ್ದಿದ್ದು ಒಂದೇ ಪ್ರೊಜೆಕ್ಟರ್. ಸುರುಳಿ ಮುಗಿದಾಗ ದೀಪ ಹಾಕಿ, ಇನ್ನೊಂದು ಏರಿಸಬೇಕು. ಆ ಹೊತ್ತಿನಲ್ಲಿ ಜನ ಸುಮ್ಮನೆ ಕೂತಿರ್ತಿರಲಿಲ್ಲ. ಅವಳು ಮಾಡಿದ್ದು ಸರೀನೋ ತಪ್ಪೋ ಅಂತ ಬೆಂಚಿನಿಂದ ಬೆಂಚಿಗೆ ವಾದ. ಈಗಿನ ಚಿತ್ರದಲ್ಲಿ ಯೋಚನೆ ಮಾಡಕ್ಕೆ ಆ ಬಿಡುವೇ ಸಿಗಲ್ಲ. ಶಬ್ದ ನಿಲ್ಲಲ್ಲ, ಒಂದು ಶಾಟ್ ಇನ್ನೊಂದು ಉಸಿರಿನ ತನಕ ನಿಲ್ಲಲ್ಲ.

ಮಗಳು: ಬಿಡುವು ಕೊಟ್ಟಿದ್ದು ಕಾರಂತರಲ್ಲ, ನಿಮ್ಮ ಟೆಂಟಿನ ಮಾಲೀಕ. ಎರಡನೇ ಪ್ರೊಜೆಕ್ಟರ್ ತರಲಿಲ್ಲ, ಅಷ್ಟೇ. ಯಂತ್ರದ ಕೊರತೆಯನ್ನ ಚಿತ್ರದ ಗುಣ ಅಂತ ಹೇಳಬಾರದು.

ದೊಡ್ಡಪ್ಪ: ಕೊರತೆಯೋ ಏನೋ, ಜನ ಮಾತಾಡಿದ್ದು ನಿಜ.

ಮಗಳು: ಸರಿ, ಭೈರಪ್ಪನವರನ್ನೇ ತಗೊಳ್ಳಿ. 2006ರಲ್ಲಿ ಗಿರೀಶ ಕಾಸರವಳ್ಳಿ ನಾಯಿನೆರಳು ಮಾಡಿದಾಗ ಕಾದಂಬರಿ ಇದ್ದ ಹಾಗೇ ಇಡಲಿಲ್ಲ. ಪುನರ್ಜನ್ಮದ ಕತೆಯನ್ನ ವಿಧವೆಯ ಕಡೆಯಿಂದ ನೋಡಿದ್ರು. ಸತ್ತ ಗಂಡ ಬೇರೆಯವರ ಮನೆಯಲ್ಲಿ ಹುಟ್ಟಿ ಬೆಳೆದು ಬಂದಿದಾನೆ ಅಂತ ಮನೆಯವರು ನಂಬಿದಾಗ ಅವಳಿಗೆ ಏನನ್ನಿಸ್ತು, ಅವಳಿಗೆ ಏನು ಬೇಕಿತ್ತು, ಅದನ್ನ ಕೇಳಿದ ಚಿತ್ರ ಅದು. ಕಾತ್ಯಾಯಿನಿಯನ್ನ ಯಾರೂ ಹಂಗೆ ಕೇಳಲಿಲ್ಲ. ಹೊಸ ಕಾಲ ಬಂದಿದ್ದಕ್ಕೇ ತಾನೆ ಆ ಪ್ರಶ್ನೆ ಬಂದಿದ್ದು?

ದೊಡ್ಡಪ್ಪ: ಬಂತು, ಒಪ್ಪಿದೆ. ನೋಡಿದೋರು ಎಷ್ಟು ಜನ? ವಂಶವೃಕ್ಷದ ಪೆಟ್ಟಿಗೆ ಬಸ್ಸಿನ ಮೇಲೆ ನಮ್ಮೂರಿಗೆ ಬಂತು. ನಾಯಿನೆರಳು ಬರಲಿಲ್ಲ.

ಮಗಳು ಇದಕ್ಕೆ ಕೂಡಲೇ ಏನೂ ಹೇಳಲಿಲ್ಲ. ಎಲೆಗೆ ಸುಣ್ಣ ಹಚ್ಚಿ ದೊಡ್ಡಪ್ಪನ ಕೈಗೆ ಕೊಟ್ಟು, ಬೇರೆ ಕಡೆಯಿಂದ ಹಿಡಿದಳು.

ಮಗಳು: ಭಾಷೆ ವಿಷಯಕ್ಕೆ ಬನ್ನಿ. ಹಳೇ ಚಿತ್ರಗಳ ಹಳ್ಳಿಯಲ್ಲಿ ಹೊಲ ಉಳೋ ನಾಯಕ ಮಾತಾಡೋದು ಪುಸ್ತಕದ ಕನ್ನಡ. ಅರಕಲಗೂಡಿನಲ್ಲಾಗಲಿ ಹೊಳೆನರಸೀಪುರದಲ್ಲಾಗಲಿ ಯಾವ ರೈತ ಹಂಗೆ ಮಾತಾಡಿದ್ದು ನೀವು ಕೇಳಿದೀರಿ? ನಮ್ಮ ಮನೆ ಮಾತು ಹೋಗಿದ್ದೆಲ್ಲ ಹಾಸ್ಯ ಮಾಡೋರಿಗೆ, ಮನೆ ಆಳಿಗೆ. ನಾವು ಬಾಯಿಬಿಟ್ಟರೆ ಜನ ನಗಬೇಕು ಅಂತ ಲೆಕ್ಕ. ಚಿಕ್ಕೋಳಿದ್ದಾಗ ನನಗೆ ಅದರಿಂದ ನೋವಾಗಿದೆ ದೊಡ್ಡಪ್ಪ. ಕಾಲೇಜಿಗೆ ಸೇರಿದಾಗ ಬಾಯಿಬಿಡಕ್ಕೆ ಹೆದರ್ತಿದ್ದೆ.

ದೊಡ್ಡಪ್ಪ: ಅವರೆಲ್ಲ ನಾಟಕ ಕಂಪನಿಯಿಂದ ಬಂದವರವ್ವ. ರಾಜಕುಮಾರ್ ಗುಬ್ಬಿ ಕಂಪನಿಯಲ್ಲಿ ಪಳಗಿ 1954ರಲ್ಲಿ ಬೇಡರ ಕಣ್ಣಪ್ಪಕ್ಕೆ ಬಂದರು. ಕೊನೇ ಸಾಲಿಗೂ ಮಾತು ಮುಟ್ಟಬೇಕು ಅನ್ನೋದು ಅವರ ಪಾಠ. ನಮ್ಮ ಟೆಂಟಿನ ಸ್ಪೀಕರಿನಲ್ಲಿ ಬೇರೆಯವರು ಹೇಳಿದ್ದು ಅರ್ಧ ಗಾಳಿಗೆ ಹೋಗೋದು, ರಾಜಕುಮಾರ್ ಹೇಳಿದ್ದು ಒಂದಕ್ಷರ ಕಳೀತಿರಲಿಲ್ಲ. ಇನ್ನೊಂದು ಯೋಚನೆ ಮಾಡು. ರಾಜ್ಯ ಒಂದಾಗಿದ್ದು 1956ರಲ್ಲಿ. ಬಳ್ಳಾರಿಯೋನಿಗೂ ಕಾರವಾರದೋನಿಗೂ ಹಾಸನದೋನಿಗೂ ಒಂದೇ ಚಿತ್ರ ಅರ್ಥ ಆಗಬೇಕಿತ್ತು. ಎಲ್ಲರಿಗೂ ಸೇರೋ ಒಂದು ಕನ್ನಡ ಅವರು ಕಟ್ಟಿದರು.

ಮಗಳು: ಕಟ್ಟಿದರು, ಆದ್ರೆ ಅದರಲ್ಲಿ ನಮ್ಮ ಮಾತಿಗೆ ಜಾಗ ಇರಲಿಲ್ಲ. ತಿಥಿ ಚಿತ್ರ ಬಂದ ಮೇಲೆ ಸಿಕ್ತು. ಈರೇಗೌಡರ ಕತೆ, ರಾಮ್ ರೆಡ್ಡಿ ನಿರ್ದೇಶನ. ನಮ್ಮ ಪಕ್ಕದ ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ ಮಾಡಿದ್ದು, ನಟಿಸಿದ್ದು ಊರಿನ ಜನ. ಅದು 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ತಗೊಂಡ್ತು. ಟಿ.ವಿ.ಯಲ್ಲಿ ಹಾಕಿದಾಗ ನಮ್ಮಮ್ಮ ಅಡುಗೆಮನೆಯಿಂದ ಕೈ ಒರೆಸ್ಕೊಂಡು ಬಂದು ನಿಂತ್ಲು. ಸೆಂಚುರಿ ಗೌಡ ದಾರೀಲಿ ಹೋಗೋರನ್ನೆಲ್ಲ ಬಯ್ತಾ ಕೂತಿರ್ತಾನಲ್ಲ, ಅದನ್ನ ಕೇಳಿ, ‘ಇದು ನಮ್ಮ ತಾತನ ಬಾಯಿ’ ಅಂದ್ಲು. ಕೊನೇ ತನಕ ಕೂರಲೇ ಇಲ್ಲ, ನಿಂತೇ ನೋಡಿದ್ಲು. ಶಬ್ದ ನಿಲ್ಲಲ್ಲ ಅಂದ್ರಲ್ಲ, ಅದರಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ.

ದೊಡ್ಡಪ್ಪ: ತಿಥಿ ನೀನೇ ತೋರಿಸಿದ್ದೀಯಲ್ಲ, ನೋಡಿದೀನಿ. ಸುಳ್ಳಿಲ್ಲದ ಚಿತ್ರ. ಆದ್ರೂ ಅದನ್ನ ನೋಡ್ತಾ ನನಗೆ ಭೂತಯ್ಯನ ಮಗ ಅಯ್ಯು ನೆನಪಾಯ್ತು. ಅದೂ ಒಂದು ಸಾವಿನ ಚಿತ್ರವೇ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕತೆಯಿಂದ 1974ರಲ್ಲಿ ಸಿದ್ದಲಿಂಗಯ್ಯ ಮಾಡಿದ್ದು. ಭೂತಯ್ಯ ಬಡ್ಡಿ ಸಾಹುಕಾರ, ಊರೆಲ್ಲ ಅವನ ಸಾಲದಲ್ಲಿ. ಅವನು ಸತ್ತಾಗ ಹೆಣಕ್ಕೆ ಹೆಗಲು ಕೊಡಕ್ಕೆ ಒಬ್ಬನೂ ಬರಲ್ಲ. ನಮ್ಮ ಕಡೆ ಸಾವಿನ ಮನೆಗೆ ಹಗೆಯೂ ಬರ್ತಾನೆ, ಅಂಥಾದ್ದರಲ್ಲಿ ಊರಿಗೆ ಊರೇ ಬಾಗಿಲು ಹಾಕ್ಕೊಂಡು ಕೂತ್ಕೊಳುತ್ತೆ. ಅಯ್ಯು ಮಾಡಿದ ಲೋಕೇಶ್ ಮುಖ ನೋಡಬೇಕು ಆಗ. ಅವಮಾನ ಮೊದಲು ಬರುತ್ತೆ, ದುಃಖ ಆಮೇಲೆ. ಟೆಂಟಿನಲ್ಲಿ ಆ ದೃಶ್ಯಕ್ಕೆ ಕೆಮ್ಮೋರೂ ಇರ್ತಿರಲಿಲ್ಲ.

ಮಗಳು: ಲೋಕನಾಥ್ ಉಪ್ಪಿನಕಾಯಿ ದೃಶ್ಯಕ್ಕೆ ಮಾತ್ರ ಎಲ್ಲರೂ ಆ ಚಿತ್ರ ನೆನಪಿಟ್ಕೊಂಡಿದಾರೆ ಅಂದ್ಕೊಂಡಿದ್ದೆ.

ದೊಡ್ಡಪ್ಪ: ಅದೂ ಇರಲಿ. ಆದ್ರೆ ನೋಡು, ಒಂದು ಚಿತ್ರದಲ್ಲಿ ಸಾವಿಗೆ ಯಾರೂ ಬರಲ್ಲ, ಇನ್ನೊಂದರಲ್ಲಿ ಸೆಂಚುರಿ ಗೌಡನ ತಿಥಿ ಬಾಡೂಟಕ್ಕೆ ಊರೇ ಬರುತ್ತೆ, ಅಳೋರು ಯಾರೂ ಇಲ್ಲ. ಮೊದಲನೇದರಲ್ಲಿ ಊರಿಗೆ ಒಂದು ನ್ಯಾಯ ಇದೆ. ಅದು ಕ್ರೂರವಾಗಿರಬಹುದು, ಆದ್ರೂ ಇದೆ. ಅಯ್ಯು ಆ ನ್ಯಾಯದ ಎದುರು ನಿಂತು ಉರೀತಾನೆ, ತನ್ನ ಹಗೆ ಗುಳ್ಳನ ಜೊತೆ ಕೋರ್ಟು ಕಚೇರಿ ಅಂತ ಅಲೆದು ಇಬ್ಬರೂ ಹಾಳಾಗ್ತಾರೆ, ಆಮೇಲೆ ಮನುಷ್ಯರಾಗ್ತಾರೆ. ತಿಥಿಯಲ್ಲಿ ಯಾರೂ ಯಾವುದಕ್ಕೂ ಉರಿಯಲ್ಲ. ನಿರ್ದೇಶಕ ದೂರ ನಿಂತು ತೋರಿಸಿ ಹೋಗ್ತಾನೆ, ತನಗೇನನ್ನಿಸ್ತು ಅಂತ ಹೇಳಲ್ಲ. ಅದನ್ನ ನಾನು ಧೈರ್ಯ ಅನ್ನಲ್ಲ.

ಮಗಳು: ಉರಿಯಲ್ಲ ಅಂತೀರಾ? ಸೆಂಚುರಿ ಗೌಡನ ಮೊಮ್ಮಗ ತಮ್ಮಣ್ಣ ಒಂದು ತುಂಡು ಭೂಮಿಗೋಸ್ಕರ ಬದುಕಿರೋ ಅಪ್ಪನಿಗೆ ಸತ್ತಿದಾನೆ ಅಂತ ಕಾಗದ ಮಾಡಿಸ್ತಾನೆ. ಆ ಅಪ್ಪ ಗಡ್ಡಪ್ಪ ಬ್ರಾಂದಿ ಬಾಟಲಿ ಹಿಡ್ಕೊಂಡು ಬಯಲಲ್ಲಿ ತಿರುಗ್ತಿರ್ತಾನೆ, ಅವನಿಗೆ ಭೂಮೀನೂ ಬೇಡ, ಮನೇನೂ ಬೇಡ. ಪಹಣಿ, ಖಾತೆ ಅಂತ ತಾಲ್ಲೂಕು ಕಚೇರಿಗೆ ಅಲೆದ ಯಾವ ಮನೆಗಾದರೂ ಅದರ ಬಿಸಿ ತಟ್ಟುತ್ತೆ. ನಮ್ಮ ಮನೆ ಪಾಲಿನಲ್ಲೇ ಏನೇನಾಯ್ತು ಅಂತ ನಿಮಗೆ ಗೊತ್ತು. ಇದು ಸರಿ, ಇದು ತಪ್ಪು ಅಂತ ಚಿತ್ರ ಹೇಳಲ್ಲ, ಯಾಕಂದ್ರೆ ನೋಡೋನಿಗೆ ಬುದ್ಧಿ ಇದೆ ಅಂತ ಅದು ನಂಬಿದೆ. ಸಿದ್ದಲಿಂಗಯ್ಯನವರು ಕೊನೆಗೆ ಎಲ್ಲರನ್ನೂ ಒಳ್ಳೆಯವರನ್ನಾಗಿ ಮಾಡಿ ಕಳಿಸ್ತಾರೆ. ನಿಜವಾದ ಊರಿನಲ್ಲಿ ಹಂಗಾಗುತ್ತಾ?

ದೊಡ್ಡಪ್ಪ: ಆಗಬೇಕು ಅಂತ ಹೇಳೋದು ಚಿತ್ರದ ಕೆಲಸ ಅಲ್ವೇನವ್ವ? ಬಂಗಾರದ ಮನುಷ್ಯ ಮಾಡಿದವರೂ ಅವರೇ. ಅದು ನೋಡಿ ಪೇಟೆ ಬಿಟ್ಟು ಊರಿಗೆ ಬಂದು ಬೇಸಾಯ ಮಾಡಿದ ಹುಡುಗರಿದ್ದರು. ತಿಥಿ ನೋಡಿ ಯಾರಾದರೂ ಖಾತೆ ಜಗಳ ಬಿಟ್ಟರಾ?

(ನಡುವೆ ನನ್ನದೊಂದು ಮಾತು. ಲೋಕೇಶ್ ಅವರು ಸುಬ್ಬಯ್ಯ ನಾಯ್ಡು ಅವರ ಮಗ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ನಾಯಕ ಆ ನಾಯ್ಡು ಅವರೇ. ಕನ್ನಡ ನಟನೆ ಒಂದೇ ಮನೆಯಲ್ಲಿ ತಂದೆಯ ರಂಗಭೂಮಿಯಿಂದ ಮಗನ ಮೌನದವರೆಗೆ ನಡೆದುಬಂದಿದೆ. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಹೊರಟರೆ ನನಗೆ ಲೋಕೇಶರೇ ಅಡ್ಡ ಬರುತ್ತಾರೆ.)

ಮಗಳು: ನಮ್ಮ ಜಿಲ್ಲೆ ಹುಡುಗರ ಬಗ್ಗೆ ನೀವು ಮಾತೇ ಎತ್ತಲಿಲ್ಲ. ಯಶ್ ಹುಟ್ಟಿದ್ದು ಭುವನಹಳ್ಳಿಯಲ್ಲಿ. ಧನಂಜಯ ಅರಸೀಕೆರೆ ತಾಲ್ಲೂಕಿನ ಕಾಳೇನಹಳ್ಳಿಯವರು. ಕೆ.ಜಿ.ಎಫ್. 2018ರಲ್ಲಿ ಐದು ಭಾಷೆಯಲ್ಲಿ ಬಂತು, 2022ರಲ್ಲಿ ಎರಡನೇ ಭಾಗ. ಕನ್ನಡದಲ್ಲೂ ಸಿನಿಮಾ ಮಾಡ್ತಾರೆ ಅಂತ ಉತ್ತರದವರಿಗೆ ಗೊತ್ತಾಗಿದ್ದೇ ಅಲ್ಲಿಂದ.

ದೊಡ್ಡಪ್ಪ: ಹೆಮ್ಮೆ ಇಲ್ಲ ಅಂದೋನಾರು? ಆದ್ರೆ ಅನಕೃ ನೆನಪಾಗ್ತಾರೆ ನನಗೆ. ನಮ್ಮ ಅರಕಲಗೂಡನ್ನ ಹೆಸರಿನಲ್ಲೇ ಹೊತ್ತವರು. 60ರ ದಶಕದಲ್ಲಿ ಮ. ರಾಮಮೂರ್ತಿಯವರ ಜೊತೆ ನಿಂತು ಡಬ್ಬಿಂಗ್ ಬೇಡ ಅಂತ ಹೋರಾಡಿದರು. ಆಗ ಕನ್ನಡ ಚಿತ್ರಕ್ಕೆ ಥಿಯೇಟರ್ ಸಿಗ್ತಿರಲಿಲ್ಲ, ಕನ್ನಡ ಕಲಾವಿದರಿಗೆ ಕೆಲಸ ಇರ್ತಿರಲಿಲ್ಲ. ಅನಕೃ ಅವರ ಸಂಧ್ಯಾರಾಗ ಕಾದಂಬರಿ 1966ರಲ್ಲಿ ಚಿತ್ರವಾದಾಗ ಅದರಲ್ಲಿ ಭೀಮಸೇನ ಜೋಷಿ ಹಾಡಿದ್ರು, ಬಾಲಮುರಳಿಕೃಷ್ಣ ಹಾಡಿದ್ರು. ನೆಲದ ಟಿಕೇಟಿನೋನು ಅಂಥವರ ಗಾಯನ ಕೇಳಿ ಮನೆಗೆ ಹೋದ. ಈಗ ನಮ್ಮ ಹುಡುಗ ಡಬ್ಬಿಂಗಿನಲ್ಲೇ ದೇಶ ಗೆದ್ದ. ಗೆಲ್ಲಲಿ. ಐದು ಭಾಷೆಗೂ ಹೊಂದೋ ಹಂಗೆ ಮಾಡಿದ ಚಿತ್ರದಲ್ಲಿ ಹಾಸನದ್ದು ಅನ್ನೋದು ಏನುಳೀತು, ಅದು ನನ್ನ ಕೇಳ್ವಿ.

ಮಗಳು: ಸಂಧ್ಯಾರಾಗದಲ್ಲಿ ಹಾಸನದ್ದು ಏನಿತ್ತು? ಅದೂ ಸಂಗೀತಗಾರನ ಕತೆ, ಎಲ್ಲಿ ಬೇಕಾದ್ರೂ ನಡೀಬಹುದಿತ್ತು. ಯಶ್ ನಮ್ಮ ಕಡೆ ಮಾತಾಡಲಿಲ್ಲ ಅಂತೀರಾ? 2011ರ ಕಿರಾತಕ ನೋಡಿ, ಪೂರ್ತಿ ಹಳ್ಳಿ ಮಾತು.

ದೊಡ್ಡಪ್ಪ: ಅದು ತಮಿಳಿನ ಕಳವಾಣಿ. ಬಾಯಿ ನಮ್ಮದು, ಕತೆ ಅವರದು.

ಮಗಳು: ಹಂಗಾದ್ರೆ ಟಗರು ಪಲ್ಯ? ಧನಂಜಯ ನಿರ್ಮಾಣ ಮಾಡಿದ್ದು, 2023ರದ್ದು. ಹರಕೆ ಟಗರು ತಲೆ ಒದರಲ್ಲ, ಅಲ್ಲಿಗೆ ದೇವರ ಒಪ್ಪಿಗೆ ಸಿಗಲಿಲ್ಲ ಅಂತ ಇಡೀ ಬಂಧುಬಳಗ ಕಾಯ್ಕೊಂಡು ಕೂತಿರುತ್ತೆ. ಒಂದು ದಿನದ ಕತೆ. ಮಾತೂ ನಮ್ಮದು, ಕತೇನೂ ನಮ್ಮದು, ದೇವರೂ ನಮ್ಮದೇ. ದೊಡ್ಡ ಚಿತ್ರದಲ್ಲಿ ದುಡಿದ ದುಡ್ಡನ್ನ ಇಂಥದ್ದಕ್ಕೆ ಹಾಕೋರು ಈಗಲೂ ಇದಾರೆ.

ದೊಡ್ಡಪ್ಪ: ಅದನ್ನ ನೋಡಿಲ್ಲ. ತೋರಿಸು, ಆಮೇಲೆ ಮಾತಾಡ್ತೀನಿ.

ಮಗಳು: ಮುಂಗಾರು ಮಳೆ ಬಗ್ಗೆನೂ ಹೇಳಿಬಿಡಿ. ನಮ್ಮ ಸಕಲೇಶಪುರದ ಮಳೆ ಅದು. 2006ರಲ್ಲಿ ನಾವೆಲ್ಲ ಹುಚ್ಚೆದ್ದು ನೋಡಿದ್ವಿ.

ದೊಡ್ಡಪ್ಪ: ಹಾಡು ಚೆನ್ನಾಗಿದ್ವು. ಆದ್ರೆ ಆ ಮಳೇಲಿ ನೆನೆಯೋನಿಗೆ ಬೆಳೆ ಚಿಂತೆ ಇಲ್ಲ. ಹಾಸನದಲ್ಲಿ ಮಳೆ ಒಂದು ವಾರ ಹಿಡಿದರೆ ಆಲೂಗೆಡ್ಡೆಗೆ ಅಂಗಮಾರಿ ಬೀಳುತ್ತೆ, ರೈತ ಬಿತ್ತನೆ ಗೆಡ್ಡೆ ಸಾಲ ತೀರಿಸಲಾರದೆ ಒದ್ದಾಡ್ತಾನೆ. ಆ ಮಳೇನ ಯಾರೂ ಚಿತ್ರ ಮಾಡಲಿಲ್ಲ.

ಮಗಳು: ಹಳಬರೂ ಮಾಡಲಿಲ್ಲ.

ದೊಡ್ಡಪ್ಪ: ಮಾಡಲಿಲ್ಲ. ಅದಿರಲಿ, ಹೇಮಾವತಿ ಅಣೆಕಟ್ಟು? ಗೊರೂರರ ಹೇಮಾವತಿಯನ್ನ ಸಿದ್ದಲಿಂಗಯ್ಯನವರು 1977ರಲ್ಲಿ ಚಿತ್ರ ಮಾಡಿದರು. ಎರಡು ವರ್ಷಕ್ಕೆ, 1979ರಲ್ಲಿ, ಅದೇ ಗೊರೂರಿನ ಹತ್ತಿರ ಅಣೆಕಟ್ಟು ಮುಗೀತು. ಹಿಂದಿನ ಹಳ್ಳಿಗಳು ನೀರಿಗೆ ಹೋದವು. ಶೆಟ್ಟಿಹಳ್ಳಿ ಇಗರ್ಜಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತೆ, ಜನ ಅಲ್ಲಿ ಫೋಟೋ ತೆಗೆಸ್ಕೊಂಡು ಬರ್ತಾರೆ. ಅಲ್ಲಿ ಮನೆ ಬಿಟ್ಟು ಎದ್ದುಹೋದವರ ಕತೆ ಯಾವ ಪರದೆ ಮೇಲೂ ನಾನು ನೋಡಲಿಲ್ಲ.

ಮಗಳು: ಶರಾವತಿಯವರಿಗೆ ದ್ವೀಪ ಇದೆ. ನಾ. ಡಿಸೋಜ ಬರೆದರು, ಕಾಸರವಳ್ಳಿ 2002ರಲ್ಲಿ ಚಿತ್ರ ಮಾಡಿದರು. ನೀರು ಮೆಟ್ಟಿಲು ಮೆಟ್ಟಿಲಾಗಿ ಏರಿ ಬರೋದನ್ನ ನೋಡ್ತಾ ನನಗೆ ಗೊರೂರೇ ಕಣ್ಣಿಗೆ ಕಟ್ಟಿತ್ತು. ನಮಗೆ ಅಂಥದ್ದಿಲ್ಲ ಅನ್ನೋದನ್ನ ಒಪ್ತೀನಿ. ಅದರಲ್ಲಿ ನಿಮ್ಮ ಕಾಲಾನೂ ನಮ್ಮ ಕಾಲಾನೂ ಒಂದೇ.

ದೊಡ್ಡಪ್ಪ: ಅಷ್ಟಾದರೂ ಒಪ್ಪಿದ್ಯಲ್ಲ. ಈಗ ನನ್ನದು ಇನ್ನೊಂದು ಚಿಂತೆ. ರೀಲು ಅನ್ನೋದು ಸೆಕೆ ತಡೆಯಲ್ಲ, ತೇವಾನೂ ತಡೆಯಲ್ಲ. ಹುಳಿವಾಸನೆ ಬಂದ ರೀಲನ್ನ ಕೈಯಲ್ಲಿ ಹಿಡಿದೋನು ನಾನು. ಮೊದಲು ಸುರುಟುತ್ತೆ, ಆಮೇಲೆ ಪುಡಿಯಾಗುತ್ತೆ. ಕಾಸರವಳ್ಳಿಯವರ ಘಟಶ್ರಾದ್ಧ 1977ರದ್ದು, ಅದನ್ನ ಯಾರೋ ಸರಿಮಾಡಿದರಂತಲ್ಲ?

ಮಗಳು: ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಹೊರದೇಶದವರ ಜೊತೆ ಸೇರಿ ಒಂದೊಂದು ಫ್ರೇಮನ್ನೂ ಶುಚಿ ಮಾಡಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನೋಡಿ, ನಿಮ್ಮ ಹಳೇ ಚಿತ್ರ ಉಳಿಸಕ್ಕೆ ನೀವು ಬಯ್ಯೋ ಕಂಪ್ಯೂಟರೇ ಬೇಕಾಯ್ತು.

ದೊಡ್ಡಪ್ಪ: ಕಂಪ್ಯೂಟರನ್ನ ನಾನು ಯಾವತ್ತೂ ಬಯ್ದಿಲ್ಲ. ಅದನ್ನ ಇಂಥ ಕೆಲಸಕ್ಕೆ ಕಮ್ಮಿ ಬಳಸ್ತಾರೆ ಅಂತ ಬಯ್ದಿದೀನಿ. 1977ರ ಹೇಮಾವತಿಗೆ, ಅಯ್ಯುಗೆ ಆ ಭಾಗ್ಯ ಯಾವಾಗ?

ಮಗಳು: ಬರಲಿ ಅಂತ ಕೇಳೋಣ. ಅಲ್ಲೀವರೆಗೆ ಇರೋದನ್ನ ತೋರಿಸೋಣ. ನಮ್ಮ ಕಾಲೇಜಿನಲ್ಲಿ ಪ್ರೊಜೆಕ್ಟರ್ ಇದೆ, ಸ್ಪೀಕರ್ ಇದೆ. ಒಂದೇ ದಿನ ಬೆಳಿಗ್ಗೆ ತಿಥಿ, ಮಧ್ಯಾಹ್ನ ಭೂತಯ್ಯನ ಮಗ ಅಯ್ಯು. ಮಕ್ಕಳು ತೀರ್ಮಾನ ಮಾಡಲಿ.

ದೊಡ್ಡಪ್ಪ: ಬೆಳಿಗ್ಗೆ ಅಯ್ಯು. ಮತ್ತೆ 22 ನಿಮಿಷಕ್ಕೊಂದು ಸಲ ನಿಲ್ಲಿಸಿ ದೀಪ ಹಾಕಬೇಕು.

ಮಗಳು: ಅಯ್ಯು ಬೇಕಾದ್ರೆ ನಿಲ್ಲಿಸಿ. ತಿಥಿ ನಿಲ್ಲಿಸಕ್ಕೆ ನಾನು ಬಿಡಲ್ಲ.

ಅರಕಲಗೂಡಿನ ಬಸ್ಸಿಗೆ ಹೊತ್ತಾಗಿತ್ತು, ದೊಡ್ಡಪ್ಪ ಎದ್ದರು. ಯಾವುದು ಮೊದಲು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜುಗಳಲ್ಲಿ ಪಾಠ ಹೇಳುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಈ ಎರಡು ಚಿತ್ರಗಳನ್ನು ಒಂದೇ ದಿನ ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಿ, ಊರಿನ ಹಿರಿಯರನ್ನೂ ಕರೆಯಿರಿ. ನೋಡಿದ ಮೇಲೆ ಮಾತಾಡಲು ಒಂದು ಗಂಟೆಯಾದರೂ ಬಿಡಿ.